ಪಂಪಿನ ಹಿಂದೆ ಅಡಗಿದವರು

ನಾರಿಚ್, 1871. ಫೆಬ್ರವರಿ 6, ಸೋಮವಾರ

ಇವತ್ತು ಅಂಗಡಿಯಲ್ಲಿ ಗಿರಾಕಿಗಳಿಗಾಗಿ ಹನ್ನೊಂದು ವ್ಯಾಲೆಂಟೈನ್ ಪ್ರೇಮಪತ್ರ ಬರೆದೆ. ಎರಡು ಲೇಸ್ ಕಾಗದ ಹರಿಯಿತು, ಅಂಗಡಿಯೊಡತಿ ಗೂಚಮ್ಮನ ಮುಖ ಗಂಟಾಯಿತು. ಬರೆಯಲು ಬಾರದ ಗಂಡಸರೆಲ್ಲ ಮಾದರಿ ಪುಸ್ತಕದ ಅದೇ ಪುಟಕ್ಕೆ ಬೆರಳಿಡುತ್ತಾರೆ. "ಇದೇ ಬರೀರಿ, ಗುಲಾಬಿ ಚಿತ್ರ ಇರೋದು." ಒಂದೇ ಬೀದಿಯ ಮೂವರು ಹುಡುಗಿಯರಿಗೆ ಒಂದೇ ಪದ್ಯ!

ನನಗೆ ಬಂದ ಒಂದೇ ಒಂದು ವ್ಯಾಲೆಂಟೈನ್ ಯಾವ ಪುಸ್ತಕದ್ದೂ ಅಲ್ಲ. ಮೂವತ್ತು ವರ್ಷದಿಂದ ಬೈಬಲ್ಲಿನೊಳಗಿದೆ. ಹೆಸರಿಲ್ಲ. ಹಾಕಬಾರದು; ಹೊಸ್ತಿಲಲ್ಲಿಟ್ಟು ಬಾಗಿಲು ತಟ್ಟಿ ಓಡಬೇಕು, ಪಡೆದವಳೇ ಊಹಿಸಬೇಕು. ಊಹಿಸಿದೆ — ಬೂಟಿನಂಗಡಿಯ ಎಡ್ಮಂಡ್. ವರ್ಷ ತುಂಬುವುದರೊಳಗೆ ಅವನು ಬೇರೊಬ್ಬಳನ್ನು ಮದುವೆಯಾದ. ನಾನು ಆಮೇಲೆ ಯಾರಿಗೂ ಹೂಂ ಅನ್ನಲಿಲ್ಲ.

ಫೆಬ್ರವರಿ 9, ಗುರುವಾರ

ಊಟ ಬಿಟ್ಟು ಇದನ್ನು ಬರೆಯುತ್ತಿದ್ದೇನೆ.

ಜೊಸಾಯ ಮಾಬ್ಸ್ ಕುಂಟುತ್ತಾ ಅಂಗಡಿಗೆ ಬಂದಿದ್ದರು. ಮೂವತ್ತು ವರ್ಷದ ಹಿಂದೆ ಎಡ್ಮಂಡನ ಅಂಗಡಿಯಲ್ಲೇ ಬೂಟು ಹೊಲಿಯುತ್ತಿದ್ದವರು. ಊರು ಬಿಟ್ಟು ಹೋಗಿ, ಹೆಂಡತಿ ತೀರಿಕೊಂಡ ಮೇಲೆ ಹೋದ ವರ್ಷ ಮರಳಿದರು.

"ಪುಸ್ತಕದ್ದು ಬೇಡ, ಮಿಸ್ ಥರ್ಜಾ. ನಾನೇ ಹೇಳ್ತೀನಿ."

ಸವೆದರೆ ಅಟ್ಟೆ ನಾನೇ ಹೊಲಿವೆ,
ಹರಿದರೆ ದಾರ ನಾನೇ ತರುವೆ,
ದೂರದ ದಾರಿ ನಡೆವೆಯಾದರೆ...

ಅವರು ನಾಲ್ಕನೆಯ ಸಾಲು ನೆನಪಿಸಿಕೊಳ್ಳುತ್ತಿದ್ದರು. ನನ್ನ ಪೆನ್ನು ಆಗಲೇ ಬರೆದು ಮುಗಿಸಿತ್ತು — ಜೊತೆಗೆ ನಾನೂ ಬರಲೇ, ಚೆಲುವೆ? ಅವರಿಗೆ ಓದಲು ಬಾರದು. ಗೊತ್ತಾಗಲಿಲ್ಲ.

"ಹಳೇದಾ ಇದು?" ಅಂದೆ.

"ಮೂವತ್ತು ವರ್ಷದ್ದು. ಚಾಪೆಲ್ಲಿನ ಗುಮಾಸ್ತ ಬರ್ಕೊಟ್ಟಿದ್ದ. ಬಾಗಿಲು ತಟ್ಟಿ ಬೀದಿ ನೀರಿನ ಪಂಪಿನ ಹಿಂದೆ ಅಡಗ್ಕೊಂಡೆ. ಹುಡುಗಿ ತಡವಾಗಿ ಬಂದ್ಲು. ಅಷ್ಟರಲ್ಲಿ ಎಡ್ಮಂಡ್ ಆ ದಾರೀಲಿ ಬಂದ. ಅವನ್ನ ನೋಡಿ ನಕ್ಕಳು." ಶಾಯಿ ಕುಡಿಕೆಯನ್ನೇ ನೋಡುತ್ತಿದ್ದರು. "ನಾನು ಎದ್ದು ನಿಲ್ಲಲೇ ಇಲ್ಲ."

"ಈಗ ಯಾರ ಹೆಸರಿಗೆ?"

"ಹೆಸರು ಬೇಡ. ಬರೀಬಾರ್ದಲ್ವಾ?"

ಫೆಬ್ರವರಿ 12, ಭಾನುವಾರ

ಪ್ರಾರ್ಥನೆಗೆ ಚಾಪೆಲ್ಲಿಗೆ ಹೋಗಲಿಲ್ಲ. ಬೈಬಲ್ಲಿನೊಳಗಿನ ಕಾಗದ ತೆಗೆದೆ. ಅದೇ ನಾಲ್ಕು ಸಾಲು. ಅಂಚೆಲ್ಲ ಹಳದಿ.

ಅಂದು ತಟ್ಟಿದ ಸದ್ದು ಕೇಳಿದರೂ ಕನ್ನಡಿಯ ಮುಂದೆ ನಿಂತು ರಿಬ್ಬನ್ ಕಟ್ಟಿಕೊಂಡೆ. ನೀಲಿ ರಿಬ್ಬನ್. ಎಷ್ಟು ಜಂಬ ನನಗೆ! ದಾರಿಹೋಕನನ್ನು ನೋಡಿ ನಕ್ಕು, ಆ ಒಂದು ನಗುವಿಗೆ ಮೂವತ್ತು ವರ್ಷ ಕಳೆದೆ. ಅಳು ಬಂತು, ಅತ್ತೆ. ಅದೇ ಮನೆ, ಅದೇ ಬಾಗಿಲು, ಎದುರಿಗೆ ಅದೇ ಪಂಪು.

ಆದರೆ ಅವರು ಬೇರೆ ಯಾರಿಗಾದರೂ ಬರೆಸಿದ್ದರೆ? ವಿಧವೆಯರಿಗೇನು ಬರವೇ ಈ ಊರಲ್ಲಿ...

ಫೆಬ್ರವರಿ 13, ಸೋಮವಾರ, ಸಂಜೆ ಆರು

ವ್ಯಾಲೆಂಟೈನ್ ಮುನ್ನಾದಿನ. ಬೀದಿಯುದ್ದಕ್ಕೂ ತಟ್ಟುವುದು, ಓಡುವುದು, ನಗು. ಪಕ್ಕದ ಮನೆಗೆ ಎರಡು ಪೊಟ್ಟಣ ಬಂದವು. ಇಲ್ಲಿಗೇನೂ ಇಲ್ಲ.

ಬಾಗಿಲ ಪಕ್ಕಕ್ಕೇ ಕುರ್ಚಿ ಎಳೆದುಕೊಂಡು ಬರೆಯುತ್ತಿದ್ದೇನೆ. ಅಗುಳಿ ತೆಗೆದಿಟ್ಟಿದ್ದೇನೆ. ತಲೆ ಬಾಚಿಲ್ಲ, ಬಾಚುವುದೂ ಇಲ್ಲ.

ಆರೂವರೆ

ತಟ್ಟಿದರು. ಮೂರು ಸಲ. ಓಡಿದ ಸದ್ದಿಲ್ಲ, ಕುಂಟುತ್ತಾ ಹೋದ ಸದ್ದು. ಈ ಸಲ ಬೀದಿಯ ಕಡೆ ನೋಡುವುದಿಲ್ಲ. ನೇರ ಪಂಪಿನ ಹಿಂದಕ್ಕೇ ಹೋಗುತ್ತೇನೆ.