ಕಾಂಡ್ಲಾ ಕಡಿಸಿದವರು ನಮ್ಮೂರಿಗೆ ಸಸಿ ನೆಡಲು ಬರುವುದು ಬೇಡ

ಮಾನ್ಯ ಕರಾವಳಿ ಅನುಮತಿ ಅಧಿಕಾರಿಗಳೇ,

ಬರುವ ಶುಕ್ರವಾರ ಬೆಳಿಗ್ಗೆ ಹತ್ತು ಗಂಟೆಗೆ ತಾವು ನಮ್ಮ ದ್ವೀಪದ ವುನಿತಿರಿ ಹಳ್ಳಿಗೆ ಮರ ನೆಡಲು ಬರುತ್ತಿದ್ದೀರಂತೆ. ದಯವಿಟ್ಟು ಬರಬೇಡಿ.

ತಮ್ಮ ಕಚೇರಿಯ ಸುತ್ತೋಲೆ ನನ್ನ ಕೈ ಸೇರಿದೆ. ಈ ಊರಿನ ಮಹಿಳಾ ಸಂಘಕ್ಕೆ ಹತ್ತೊಂಬತ್ತು ವರ್ಷಗಳಿಂದ ನಾನೇ ಕಾರ್ಯದರ್ಶಿಯಾದ್ದರಿಂದ ಸರ್ಕಾರದ ಕಾಗದಗಳೆಲ್ಲ ನನ್ನ ಟ್ರಂಕಿಗೇ ಬಂದು ಬೀಳುತ್ತವೆ. ಹೆಂಗಸರು ತಮಗಾಗಿ ಹೂಮಾಲೆ ಕಟ್ಟಬೇಕಂತೆ, ಮಣ್ಣೊಲೆಯಲ್ಲಿ ಹಂದಿಯನ್ನೂ ಕೆಸುವಿನ ಗೆಡ್ಡೆಯನ್ನೂ ಬೇಯಿಸಿಡಬೇಕಂತೆ, ಶಾಲೆಯ ಮಕ್ಕಳು ‘ಮರವೇ ನಮ್ಮ ಉಸಿರು’ ಎಂಬ ಫಲಕ ಹಿಡಿದು ಬಿಸಿಲಿನಲ್ಲಿ ನಿಲ್ಲಬೇಕಂತೆ. ಬಿಸಿಲಿನಲ್ಲೇ ನಿಲ್ಲಬೇಕು, ಬೇರೆ ದಾರಿಯಿಲ್ಲ. ದಡದ ಉಪ್ಪುನೀರಿನ ಕೆಸರಲ್ಲಿ ಬೆಳೆದಿದ್ದ ಕಾಂಡ್ಲಾ ಮರಗಳ ನೆರಳನ್ನು ತಾವೇ ಕಡಿಸಿದ್ದೀರಿ.

ನೆಡಬೇಕಾದ ಸಸಿಗಳು ಮಂಗಳವಾರವೇ ಲಾರಿಯಲ್ಲಿ ಬಂದಿಳಿದವು. ನನ್ನ ತಮ್ಮನ ಹೆಂಡತಿ ವಸಿತಿ ಒಂದನ್ನು ಕೈಗೆತ್ತಿಕೊಂಡು ಎಲೆ ಮುರಿದು ಮೂಸಿ ನೋಡಿದಳು.

“ಅಕ್ಕಾ, ಇವು ಹೋಟ್ಲು ಬೇಲಿಗೆ ಹಾಕೋ ಗಿಡ ಅಲ್ವಾ? ಉಪ್ಪುನೀರು ತಾಗಿದ್ರೆ ಸಂಜೆಯೊಳಗೆ ಸತ್ತೋಗ್ತವೆ.”

“ಅಷ್ಟು ಹೊತ್ತು ಬದುಕಿದ್ರೆ ಸಾಕು ಬಿಡೇ. ಫೋಟೋ ಹನ್ನೊಂದಕ್ಕೇ ತೆಗೆದಾಗಿರುತ್ತೆ,” ಎಂದೆ.

ತಾವು ಮೂರು ವರ್ಷದ ಹಿಂದೆ ನಮ್ಮೂರಿಗೆ ಬಂದದ್ದು ತಮಗೆ ನೆನಪಿರಲಾರದು. ಇಂಥ ಎಷ್ಟೋ ಊರುಗಳನ್ನು ತಾವು ನೋಡಿರುತ್ತೀರಿ. ನಮಗೆ ನೆನಪಿದೆ. ಸಭಾಮನೆಯಲ್ಲಿ ಚಾಪೆಯ ಮೇಲೆ ಕೂತು ನಾವು ಕೊಟ್ಟ ಯಂಗೋನ ಬೇರಿನ ಪಾನಕದ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಕುಡಿದಿರಿ, ಸಂಪ್ರದಾಯದಂತೆ ಚಪ್ಪಾಳೆ ತಟ್ಟಿದಿರಿ. ಆಮೇಲೆ ಸ್ಥಳ ಪರಿಶೀಲನೆಗೆಂದು ಹೊರಟವರು ರಸ್ತೆಯ ಅಂಚಿನಲ್ಲೇ ನಿಂತಿರಿ. ಇಳಿತದ ಹೊತ್ತು, ಮುಂದೆಲ್ಲ ಕೆಸರು, ಕಾಲಲ್ಲಿ ಹೊಳೆಯುವ ಬೂಟು. ಅದೇ ಹೊತ್ತಿಗೆ ವಸಿತಿ ಸೊಂಟದವರೆಗೆ ಕೆಸರು ಮೆತ್ತಿಕೊಂಡು, ಬುಟ್ಟಿಯ ತುಂಬ ಏಡಿ ಹೊತ್ತುಕೊಂಡು ಕಾಂಡ್ಲಾ ಮರಗಳ ನಡುವಿನಿಂದ ಹೊರಗೆ ಬಂದಳು.

“ಇಲ್ಲಿ ಏನು ಸಿಗುತ್ತಮ್ಮ?” ಎಂದು ಕೇಳಿದಿರಿ.

“ಏಡಿ ಸಿಗುತ್ತೆ ಸ್ವಾಮಿ, ಚಿಪ್ಪು ಸಿಗುತ್ತೆ. ಆಚೆ ಕಡಲ ಬಂಡೆಸಾಲಲ್ಲಿ ಹಿಡೀತಾರಲ್ಲ, ಆ ಮೀನಿನ ಮರಿಗಳೆಲ್ಲ ದೊಡ್ಡವಾಗೋದು ಇಲ್ಲೇ, ಈ ಬೇರಿನ ಸಂದೀಲಿ. ತೊಗಟೆ ಬೇಯಿಸಿದ್ರೆ ಬಟ್ಟೆಗೆ ಬಣ್ಣ ಬರುತ್ತೆ. ಬಿರುಗಾಳಿ ಬಂದ್ರೆ ದೋಣಿ ಎಲ್ಲ ಒಳಗೆ ತಂದು ಈ ಮರಕ್ಕೇ ಕಟ್ತೀವಿ.”

“ಅದೆಲ್ಲ ಸರಿ. ಆದಾಯ ಏನು?”

“ಆದಾಯ ಅಂದ್ರೆ ಇದೇ ಅಲ್ವಾ ಸ್ವಾಮಿ? ಇದನ್ನ ತಿಂದೇ ನಾನು ಇಷ್ಟು ದಪ್ಪಗಾಗಿರೋದು!”

ಎಲ್ಲರೂ ನಕ್ಕೆವು. ತಾವೂ ನಕ್ಕಿರಿ. ವಸಿತಿ ಎರಡು ದೊಡ್ಡ ಏಡಿಗಳ ಕಾಲು ಕಟ್ಟಿ ತಮ್ಮ ಕಾರಿಗೆ ಹಾಕಿಕೊಟ್ಟಳು.

ತಿಂಗಳೊಪ್ಪತ್ತಿನಲ್ಲಿ ತಮ್ಮ ವರದಿ ಬಂತು. “ಸದರಿ ಸ್ಥಳದಲ್ಲಿ ಕೆಸರು ಮತ್ತು ಪೊದೆಗಳ ಹೊರತು ಉಲ್ಲೇಖಾರ್ಹವಾದುದೇನೂ ಕಂಡುಬರಲಿಲ್ಲ. ಸೊಳ್ಳೆಗಳಿವೆ.” ಎಷ್ಟು ಸೂಕ್ಷ್ಮ ದೃಷ್ಟಿ! ಸೊಳ್ಳೆ ಕಂಡ ಕಣ್ಣಿಗೆ ಮೂವತ್ತೆರಡು ಮನೆಗಳು ಕಾಣಲಿಲ್ಲ. ತಮ್ಮ ಮನೆಯ ಅಡುಗೆಮನೆಯಲ್ಲಿ ಬೆಂದ ಆ ಎರಡು ಏಡಿಗಳಾದರೂ ಉಲ್ಲೇಖಕ್ಕೆ ಅರ್ಹವಾಗಿರಲಿಲ್ಲವೇ? ಅಥವಾ ಅವು ಪೊದೆಯ ಲೆಕ್ಕಕ್ಕೆ ಸೇರಿದವೇ?

ಆ ವರದಿಯ ಮೇಲೆ, ದಡದ ಮರ ಕಡಿಯಲು ಹೊಸ ಹೋಟೆಲಿಗೆ ತಾವು ಅನುಮತಿ ಕೊಟ್ಟಿರಿ. ಅದರ ಅತಿಥಿಗಳಿಗೆ ಸೂರ್ಯಾಸ್ತ ಕಾಣಲು ಮರಗಳು ಅಡ್ಡ ಬರುತ್ತಿದ್ದವಂತೆ. ಒಂಬತ್ತು ದಿನದಲ್ಲಿ ಯಂತ್ರಗಳು ಊರ ಮುಂದಿನ ದಡವನ್ನು ಬೋಳಿಸಿ ಹಾಕಿದವು. ನನ್ನ ಅಜ್ಜಿಯ ಅಜ್ಜಿ ಏಡಿ ಹಿಡಿದ ಜಾಗ ಅದು. ಸೂರ್ಯ ಈಗ ಬಹಳ ಚೆನ್ನಾಗಿ ಮುಳುಗುತ್ತಾನೆ, ಆ ವಿಷಯದಲ್ಲಿ ತಮ್ಮ ಮೇಲೆ ದೂರಿಲ್ಲ. ಏಡಿಗಳು ಆರು ತಿಂಗಳಲ್ಲಿ ಖಾಲಿಯಾದವು. ಗಂಡಸರು ಮೀನಿಗಾಗಿ ಬಂಡೆಸಾಲು ದಾಟಿ ದೂರ ಹೋಗತೊಡಗಿದರು. ಶನಿವಾರದ ಪೇಟೆಯಲ್ಲಿ ನಮ್ಮೂರಿನ ಹೆಂಗಸರು ಕೂರುತ್ತಿದ್ದ ಸಾಲಿನಲ್ಲಿ ಈಗ ಬೇರೆ ಯಾರೋ ಪ್ಲಾಸ್ಟಿಕ್ ಚಪ್ಪಲಿ ಮಾರುತ್ತಾರೆ.

ಅದೇ ವರ್ಷ ತಾವು ದೂರದೇಶದ ಯಾವುದೋ ಸಮ್ಮೇಳನಕ್ಕೆ ಹೋಗಿದ್ದಿರಿ. ಪತ್ರಿಕೆಯಲ್ಲಿ ಓದಿದೆ. ಶ್ರೀಮಂತ ದೇಶಗಳ ಹೊಗೆಯಿಂದ ಕಡಲು ಏರುತ್ತಿದೆ, ನಮ್ಮ ಪುಟ್ಟ ದ್ವೀಪಗಳು ಮುಳುಗುತ್ತಿವೆ, ನಮ್ಮನ್ನು ಉಳಿಸಿ ಎಂದು ತಾವು ಹೇಳಿದಾಗ ಸಭೆಯಲ್ಲಿ ಹಲವರು ಕಣ್ಣೊರೆಸಿಕೊಂಡರಂತೆ. ನಿಜ ಹೇಳುತ್ತೇನೆ, ಆ ಭಾಷಣ ಓದಿ ನನಗೂ ಹೆಮ್ಮೆಯಾಯಿತು. ಆಮೇಲೆ ನಮ್ಮ ಶಾಲೆಯ ಮಾಸ್ತರು ಒಂದು ಮಾತು ಹೇಳಿದರು. ಕಾಂಡ್ಲಾ ಮರ ಆ ಹೊಗೆಯ ವಿಷವನ್ನು ಎಳೆದುಕೊಂಡು ತನ್ನ ಬುಡದ ಕರಿ ಕೆಸರಿನಲ್ಲಿ ನೂರಾರು ವರ್ಷ ಹೂತಿಡುತ್ತದಂತೆ, ಅಷ್ಟೇ ಅಗಲದ ಗುಡ್ಡದ ಕಾಡು ಹಿಡಿದಿಡುವುದಕ್ಕಿಂತ ಎಷ್ಟೋ ಹೆಚ್ಚು. ಕಡಿದು ಕೆಸರು ಅಗೆದರೆ ಅದೆಲ್ಲ ಮತ್ತೆ ಆಕಾಶಕ್ಕೆ ಹೋಗುತ್ತದಂತೆ. ಹಾಗಾದರೆ ಮಾನ್ಯರೇ, ಜಗತ್ತಿನ ಮುಂದೆ ನಿಂತು ಯಾರನ್ನು ಕಳ್ಳರೆಂದು ಕರೆದಿರೋ ಅವರ ಜೊತೆ ತಮ್ಮ ಹೆಸರನ್ನೂ ಸೇರಿಸಿಕೊಳ್ಳಲು ಮರೆತದ್ದೇಕೆ? ವಿಮಾನಕ್ಕೆ ಹೊತ್ತಾಯಿತೇ?

ಇನ್ನು ಕಳೆದ ಜನವರಿಯ ಮಾತು. ಇದನ್ನು ಬರೆಯುವಾಗ ವ್ಯಂಗ್ಯ ಕೈಗೆ ಬರುವುದಿಲ್ಲ, ಕ್ಷಮಿಸಿ.

ಚಂಡಮಾರುತ ಬರುತ್ತದೆಂದು ರೇಡಿಯೊ ಬೆಳಿಗ್ಗೆಯಿಂದಲೇ ಕೂಗುತ್ತಿತ್ತು. ಎಲ್ಲರೂ ಗುಡ್ಡದ ಮೇಲಿನ ಶಾಲೆಗೆ ಹೋಗುವುದೆಂದಾಯಿತು. ನೆರೆಮನೆಯ ಎಮೋರಿ ಅಜ್ಜ ಮಾತ್ರ ಹಗ್ಗ ಹೆಗಲಿಗೆ ಹಾಕಿಕೊಂಡು ಊರ ಮುಂದಿನ ದಡದ ಕಡೆ ಹೊರಟ. ಐವತ್ತು ವರ್ಷ ಗಾಳಿ ಬಂದಾಗಲೆಲ್ಲ ದೋಣಿಯನ್ನು ಕಾಂಡ್ಲಾದ ಒಳಗೆ ತಂದು ನಾಲ್ಕು ಮರಕ್ಕೆ ಕಟ್ಟಿ ಬಂದವನು.

“ಅಜ್ಜಾ, ಅಲ್ಲಿ ಈಗ ಮರ ಎಲ್ಲಿದೆ? ಬಿಡು, ದೋಣಿ ಹೋದ್ರೆ ಹೋಗ್ಲಿ,” ಎಂದು ನಾನೇ ಕೂಗಿದೆ.

“ಒಂದಾದ್ರೂ ಬುಡ ಉಳಿದಿರುತ್ತೆ ಕಣಮ್ಮ, ನೀ ನಡಿ, ಬಂದೆ,” ಎಂದ.

ಎರಡು ದಿನದ ಮೇಲೆ ಅವನ ಹೆಣ ಸಿಕ್ಕಿತು. ಹಗ್ಗ ಇನ್ನೂ ಹೆಗಲ ಮೇಲೇ ಇತ್ತು. ಯಾವುದಕ್ಕೂ ಕಟ್ಟಿರಲಿಲ್ಲ.

ನನ್ನ ತಾಯಿಗೆ ಎಪ್ಪತ್ತೆಂಟು ವರ್ಷ, ನಡೆಯಲಾರಳು. ವಸಿತಿ ಅವಳನ್ನು ಬೆನ್ನ ಮೇಲೆ ಹೊತ್ತು ಎಲ್ಲರಿಗಿಂತ ಕೊನೆಗೆ ಹೊರಟಳು. ದಡದ ರಸ್ತೆಯ ಅರ್ಧದಲ್ಲಿದ್ದಾಗ ಕಡಲು ಒಳಗೆ ಬಂತು. ಹಿಂದೆಯೂ ಕಡಲು ಏರಿದ್ದಿದೆ. ಆದರೆ ಮರಗಳ ನಡುವೆ ತೂರಿ ತೂರಿ ಮನೆಯಂಗಳ ತಲುಪುವಷ್ಟರಲ್ಲಿ ಮೊಣಕಾಲುದ್ದದ ನೀರಾಗುತ್ತಿತ್ತು. ಈ ಸಲ ತಡೆಯುವವರು ಯಾರೂ ಇರಲಿಲ್ಲ. ಮುಂದಿನ ಸಾಲಿನ ನಾಲ್ಕು ಮನೆ, ಚರ್ಚಿನ ಅಡುಗೆಮನೆ ಎಲ್ಲವನ್ನೂ ಎಳೆದುಕೊಂಡು ಅಲೆ ರಸ್ತೆ ದಾಟಿತು. ನಾನು ಶಾಲೆಯ ಕಿಟಕಿಯಲ್ಲಿ ನಿಂತು ನೋಡುತ್ತಿದ್ದೆ. ರಸ್ತೆಯ ಮೇಲೆ ಇಬ್ಬರಿದ್ದರು, ಆಮೇಲೆ ರಸ್ತೆಯೇ ಇರಲಿಲ್ಲ. ಪಕ್ಕದಲ್ಲಿದ್ದವರು ಪ್ರಾರ್ಥನೆ ಮಾಡುತ್ತಿದ್ದರು, ನನಗೆ ಅದು ಬರಲಿಲ್ಲ.

ಅಲೆ ಅವರಿಬ್ಬರನ್ನು ಹೊಳೆಯ ಬಾಯಿಗೆ ತಳ್ಳಿಕೊಂಡು ಹೋಯಿತು. ಅಲ್ಲಿ ಕಾಂಡ್ಲಾ ಇನ್ನೂ ಉಳಿದಿತ್ತು. ಅದು ಹೋಟೆಲ್ ಯೋಜನೆಯ ಎರಡನೇ ಹಂತದ ಕಡಿತಕ್ಕೆ ಸೇರಿದ್ದರಿಂದ ಮರಗಳಿಗೆ ಕೆಂಪು ಬಣ್ಣದಲ್ಲಿ ಅಂಕಿ ಬರೆದಿದ್ದರು, ಕಡಿದಿರಲಿಲ್ಲ. ಆ ಬೇರುಗಳ ಹೆಣಿಗೆ ಅವರನ್ನು ಹಿಡಿದುಕೊಂಡಿತು. ವಸಿತಿ ತನ್ನ ಉಡುಗೆಯನ್ನೇ ಬಿಚ್ಚಿ ನನ್ನ ತಾಯಿಯನ್ನು ಕಾಂಡಕ್ಕೆ ಕಟ್ಟಿದಳು, ತಾನು ಬೇರನ್ನು ಅಪ್ಪಿಕೊಂಡಳು. ಮಧ್ಯಾಹ್ನ ಹನ್ನೆರಡರಿಂದ ನಾಲ್ಕರವರೆಗೆ ನೀರು ಎದೆಮಟ್ಟ.

ನನ್ನ ತಾಯಿಗೆ ಆ ಹೊತ್ತಿನಲ್ಲೂ ಸುಮ್ಮನಿರಲು ಬರದು. “ಏ ವಸಿತಿ, ನನ್ನ ಮೂಗಿನ ಮುಂದೆ ಏನೇ ಇದು ಕೆಂಪಗೆ?”

“ನಂಬರು ಅತ್ತೆ. ನಲವತ್ತೇಳು. ಕಡಿಯೋಕೆ ಅಂತ ಬರೆದವ್ರೆ.”

“ಇವತ್ತೇ ಬರ್ತಾರಂತಾ?”

“ಇಲ್ಲ ಅತ್ತೆ, ಇವತ್ತು ರಜೆ.”

“ಹಾಗಾದ್ರೆ ಗಟ್ಟಿ ಹಿಡ್ಕೋ.”

ಇದನ್ನು ವಸಿತಿ ಈಗ ನಗುತ್ತಾ ಹೇಳುತ್ತಾಳೆ. ಅವಳ ಎರಡೂ ತೋಳಿನ ಒಳಭಾಗದಲ್ಲಿ ತೊಗಟೆ ಉಜ್ಜಿ ಚರ್ಮ ಸುಲಿದ ಕಲೆ ಇನ್ನೂ ಹೋಗಿಲ್ಲ.

ಇಷ್ಟಾದ ಮೇಲೆ, ಚಂಡಮಾರುತ ಬಂದು ಸರಿಯಾಗಿ ನಲವತ್ತು ದಿನಕ್ಕೆ, ಎರಡನೇ ಹಂತದ ಕಡಿತಕ್ಕೆ ತಾವು ಅನುಮತಿ ಕೊಟ್ಟಿರಿ. ಜೊತೆಗೇ ಸಸಿ ನೆಡುವ ಹಬ್ಬವನ್ನೂ ಘೋಷಿಸಿದಿರಿ. ಒಂದೇ ಟಪಾಲಿನಲ್ಲಿ ಎರಡೂ ಕಾಗದ ಬಂದವು, ಒಂದೇ ಸಹಿ. ಎಡಗೈ ಮಾಡಿದ್ದು ಬಲಗೈಗೆ ಗೊತ್ತಿಲ್ಲ ಎನ್ನೋಣವೆಂದರೆ ಎರಡೂ ಬಲಗೈಯದೇ. ಅಜ್ಜನ ಕಾಲದ ಮರ ಹೋದರೇನು, ಐನೂರು ಸಸಿ ಕೊಡುತ್ತೇವಲ್ಲ ಎಂದು ಸುತ್ತೋಲೆ ಕೇಳುತ್ತದೆ. ಮಾನ್ಯರೇ, ತಮ್ಮ ಮನೆಯ ಗೋಡೆಗಳನ್ನು ಕೆಡವಿ ಐನೂರು ಇಟ್ಟಿಗೆಯನ್ನು ಅಂಗಳಕ್ಕೆ ಸುರಿದು ಹೋದರೆ ಆ ರಾತ್ರಿ ಎಲ್ಲಿ ಮಲಗುತ್ತೀರಿ?

ಕಾಂಡ್ಲಾವನ್ನು ಬೆಳೆಸುವುದು ನಮಗೆ ಹೊಸದೇನಲ್ಲ. ಅದರ ಬೀಜ ಉದ್ದನೆಯ ಹಸಿರು ಕೋಡಿನಂತೆ ಮರದಲ್ಲೇ ಮೊಳೆತು ತೂಗುತ್ತದೆ, ಹಣ್ಣಾದಾಗ ಕೆಸರಿಗೆ ಬಿದ್ದು ನೆಟ್ಟಗೆ ನಾಟಿಕೊಳ್ಳುತ್ತದೆ. ನಮ್ಮ ಹೆಂಗಸರು ಫೆಬ್ರವರಿಯಿಂದ ಅಂಥ ಎರಡು ಸಾವಿರ ಬೀಜ ಆರಿಸಿ ನೆಟ್ಟಿದ್ದಾರೆ, ಫೋಟೋ ತೆಗೆಸಿಲ್ಲ. ಆ ಬೀಜಗಳೆಲ್ಲ ಬಂದದ್ದು ಹೊಳೆಯ ಬಾಯಿಯ ಮರಗಳಿಂದಲೇ. ಅವನ್ನೂ ಕಡಿದರೆ ಬೀಜಕ್ಕೆ ತಮ್ಮ ಕಚೇರಿಗೆ ಅರ್ಜಿ ಹಾಕಬೇಕೇ?

ಕಳೆದ ಸೋಮವಾರ ಯಂತ್ರ ಬಂತು. ನಾವು ಇಪ್ಪತ್ತಾರು ಹೆಂಗಸರು ಮರಗಳ ಮುಂದೆ ಚಾಪೆ ಹಾಸಿ ಕೂತಿದ್ದೆವು. ನನ್ನ ತಾಯಿ ಕುರ್ಚಿಯಲ್ಲಿದ್ದಳು. ಚಾಲಕ ಬೇರೆ ದ್ವೀಪದವನು, ನಲವತ್ತರ ಆಸುಪಾಸು. ಎಂಜಿನ್ ಆರಿಸಿ ಕೆಳಗಿಳಿದ.

“ಅಮ್ಮಂದಿರೇ, ಏಳ್ರಿ. ನಾ ಏನು ಮಾಡ್ಲಿ? ನಂಗೆ ಆರ್ಡರ್ ಬಂದಿದೆ.”

“ಇರಲಿ ತಮ್ಮಾ, ಮೊದ್ಲು ಚಹ ಕುಡಿ,” ಎಂದು ವಸಿತಿ ಲೋಟ ಕೊಟ್ಟಳು. ಕೊಡುವಾಗ ಅವಳ ತೋಳು ನೋಡಿ, ಇದೇನೆಂದು ಅವನು ಕೇಳಿದ. ಅವಳು ಹೇಳಿದಳು. ಅವನು ಲೋಟ ಹಿಡಿದುಕೊಂಡೇ ಮರಗಳ ನಡುವೆ ಹೋಗಿ ಅಂಕಿಗಳನ್ನು ಒಂದೊಂದಾಗಿ ನೋಡುತ್ತಾ ನಡೆದ. ತಿರುಗಿ ಬಂದು ಕುರ್ಚಿಯ ಪಕ್ಕದಲ್ಲಿ ಕೂತ.

“ಅಜ್ಜಿ, ನಮ್ಮೂರಲ್ಲೂ ಹಿಂಗೇ ಕಡಿದ್ರು. ಅವಾಗ ನಾನು ಊರಲ್ಲಿರ್ಲಿಲ್ಲ. ಕೆಲ್ಸಕ್ಕೆ ಹೋಗಿದ್ದೆ. ಇದೇ ಕೆಲ್ಸಕ್ಕೆ.”

ಅವನು ಯಂತ್ರದ ಕೀಲಿಯನ್ನು ಅದರ ಸೀಟಿನ ಮೇಲಿಟ್ಟು, ಕಂಪನಿಗೆ ಫೋನ್ ಮಾಡಿ ಕೆಲಸ ಬಿಟ್ಟೆ ಎಂದು ಹೇಳಿ, ಮಧ್ಯಾಹ್ನದ ಬಸ್ಸು ಹತ್ತಿ ಹೋದ. ಮನೆಯಲ್ಲಿ ಮೂರು ಮಕ್ಕಳಂತೆ. ಬೇರೆ ಚಾಲಕ ಮುಂದಿನ ಸೋಮವಾರ ಬರುತ್ತಾನೆಂದು ಕಂಪನಿ ತಿಳಿಸಿದೆ.

ಆದ್ದರಿಂದ ನಮ್ಮ ಬೇಡಿಕೆ ಇಷ್ಟು. ಸೋಮವಾರದ ಒಳಗೆ ಎರಡನೇ ಹಂತದ ಅನುಮತಿ ಲಿಖಿತವಾಗಿ ರದ್ದಾಗಬೇಕು. ‘ಪರಿಶೀಲಿಸಲಾಗುವುದು’ ಎಂಬ ಉತ್ತರ ಬೇಡ. ತಮ್ಮ ಪರಿಶೀಲನೆಯನ್ನು ಒಮ್ಮೆ ನೋಡಿದ್ದೇವೆ. ಸಂಬಳ ಬಿಟ್ಟರೆ ಬೇರೆ ಗತಿಯಿಲ್ಲದ ಒಬ್ಬ ಮನುಷ್ಯ ಒಂದು ಲೋಟ ಚಹ ಕುಡಿಯುವಷ್ಟರಲ್ಲಿ ತನ್ನ ಪಾಲಿನದನ್ನು ಮಾಡಿ ಹೋದ. ತಾವು ಕಳೆದುಕೊಳ್ಳುವಂಥದ್ದು ಏನೂ ಇಲ್ಲ, ಒಂದು ಸಹಿ ಅಷ್ಟೇ. ಅದೂ ಆಗದೆಂದರೆ ಸೋಮವಾರ ಯಂತ್ರದ ಸೀಟಿನ ಮೇಲೆ ತಾವೇ ಬಂದು ಕೂರಿ. ಕೂಲಿಯವನನ್ನು ಕಳಿಸಬೇಡಿ.

ಇಂತಿ,
ತಮ್ಮ ಅಪ್ಪಣೆಗೆ ಕಾಯದೆ ಈಗಾಗಲೇ ಚಾಪೆ ಹಾಸಿಟ್ಟಿರುವ
ಅಲುಮಿತಾ ರೊಕೊದ್ರೆಗು
ಕಾರ್ಯದರ್ಶಿ, ವುನಿತಿರಿ ಮಹಿಳಾ ಸಂಘ
(ಹೆಚ್ಚುವರಿಯಾಗಿ, ಬದುಕಿ ಬಂದ ಒಬ್ಬಳ ಮಗಳು)