ಅಮ್ಮ ಮುಟ್ಟದ ಸಿಂಪಿ

ನವೆಂಬರ್ 23, ಶನಿವಾರ. ಗುವಾಂಗ್‌ಝೌ. ಬೆಳಿಗ್ಗೆ 11

ಇವತ್ತೂ ಅದೇ ಕಥೆ. ಮೆನು ಕಾರ್ಡ್ ಇಲ್ಲ, ಮೇಜಿಗಂಟಿಸಿದ ಕ್ಯೂಆರ್ ಕೋಡ್. ಸ್ಕ್ಯಾನ್ ಮಾಡಿದರೆ ಮೊಬೈಲ್ ತುಂಬ ಚೀನೀ ಅಕ್ಷರ. ನಾನು ಮಲೇಷ್ಯಾದ ಪಿನಾಂಗಿನ ಕಾನ್ವೆಂಟಿನಲ್ಲಿ ಹನ್ನೊಂದು ವರ್ಷ ಮಲಯ, ಇಂಗ್ಲಿಷುಗಳಲ್ಲೇ ಕಲಿತವಳು. ‘ಅನ್ನ’, ‘ಚಹಾ’ ಬಿಟ್ಟರೆ ಏನೂ ಓದಲಾರೆ. ನಲವತ್ತಾರರ ವಯಸ್ಸಿನಲ್ಲಿ, ಮುತ್ತಜ್ಜ ಹಡಗು ಹತ್ತಿ ಬಿಟ್ಟುಬಂದ ದೇಶದಲ್ಲಿ, ತಿಂಡಿ ಬೇಕೆಂದರೆ ಚೀನೀ ಶಾಲೆಯಲ್ಲಿ ಓದುವ ಹದಿನೈದರ ಮಗಳ ಮುಖ ನೋಡಬೇಕು.

ಯೂಟಿಂಗ್ ಓದಿ ಹೇಳುತ್ತಾಳೆ. ಅಮ್ಮ ಒಂದೊಂದನ್ನೇ ಹೊಡೆದುಹಾಕುತ್ತಾಳೆ.

“ಅದಕ್ಕೆ ಸಿಂಪಿ ಸಾಸ್ ಹಾಕ್ತಾರಾ, ಕೇಳು.”

“ಅಜ್ಜಿ, ಇಲ್ಲಿ ಸೊಪ್ಪಿಗೆ ಅದನ್ನ ಹಾಕದೆ ಇನ್ನೇನು ಹಾಕ್ತಾರೆ?”

“ಹಾಗಾದ್ರೆ ಬೇಡ.”

ನೂಡಲ್ಸ್ — ಅದಕ್ಕೂ ಅದೇ ಸಾಸ್. ಬೇಡ. ಮಾಂಸ — ಅದರಲ್ಲೇ ನೆನೆಸಿಟ್ಟಿರುತ್ತಾರಂತೆ. ಬೇಡ. ಕೊನೆಗೆ ಬರೀ ಗಂಜಿ. “ಹೊಟ್ಟೆ ಸರಿಯಿಲ್ಲ” ಎಂದಳು. ಆಮೇಲೆ ಮೂರು ಎಗ್ ಟಾರ್ಟ್ ತಿಂದಳು.

ಎಂಗ್ ಸೆಂಗ್ — ಗಂಡ ಎಂದು ಬರೆಯಲು ಇವತ್ತು ಮನಸ್ಸಿಲ್ಲ — ಪ್ರತಿ ತಟ್ಟೆಗೂ ಏಳು ಫೋಟೋ. “ತಡೀರಿ, ಯಾರೂ ಮುಟ್ಟಬೇಡಿ, ಹಬೆ ಬರಬೇಕು!” ಹಬೆ ಬಂದು ಹೋಗಿ ಎಲ್ಲ ತಣ್ಣಗಾಯಿತು.

ತಮ್ಮನೂ ಬರಲಿಲ್ಲ. ಶಿಯಾಮೆನ್‌ನಿಂದ ರೈಲಿನಲ್ಲಿ ಬರುತ್ತೇನೆ ಎಂದಿದ್ದ ಬೂನ್ ಸಿಯಾಂಗ್, ‘ಹಡಗುಕಟ್ಟೆಯಲ್ಲಿ ಕೆಲಸ ಜಾಸ್ತಿ, ಶಾಂಟೌಗೆ ಬರ್ತೀನಿ’ ಎಂದು ಮೆಸೇಜ್ ಹಾಕಿದ್ದಾನೆ.

ಏಳು ವರ್ಷವಾಯಿತು. ಅಪ್ಪ ತೀರಿಕೊಂಡ ಮಾರನೆಯ ದಿನ ಮನೆ ತಲುಪಿದ್ದ. ನೆಂಟರೆಲ್ಲರ ಎದುರಿಗೆ ಅಮ್ಮ, “ಈಗ ಬಂದ್ಯಾ? ಬರದಿದ್ರೂ ನಡೀತಿತ್ತು” ಎಂದಳು. ಅವನು ಬಂದ ಬಾಗಿಲಲ್ಲೇ ಹೊರಟುಹೋದ. ಮತ್ತೆ ಪಿನಾಂಗಿಗೆ ಕಾಲಿಟ್ಟಿಲ್ಲ. ಊರೂರಿನ ರುಚಿ ನೋಡೋಣ ಎಂದು ಅಮ್ಮನನ್ನು ಹೊರಡಿಸಿದ್ದು ನೆಪ. ಇವರಿಬ್ಬರನ್ನು ಒಂದೇ ಮೇಜಿಗೆ ಕೂರಿಸಬೇಕು, ಅಷ್ಟೆ. ಅಮ್ಮನಿಗೆ ಅದು ಗೊತ್ತಿರಲಾರದೆ? ಗೊತ್ತಿರುತ್ತದೆ.

ನವೆಂಬರ್ 26, ಮಂಗಳವಾರ. ಶಾಂಟೌ. ಮಧ್ಯಾಹ್ನ 2

ತಮ್ಮ ಬರಲಿಲ್ಲ. ಅಂಗಡಿಯೊಂದರ ವಿಳಾಸ ಬಂತು. ‘ಇಲ್ಲಿನ ಸಿಂಪಿ ಆಮ್ಲೆಟ್ ಅಮ್ಮನಿಗೆ ಇಷ್ಟವಾಗುತ್ತೆ. ಅಂಚು ಗರಿಗರಿ ಮಾಡಿಸಿ.’

ಅಂಗಡಿ ಹುಡುಕಲು ಐವತ್ತು ನಿಮಿಷ. ಸಮುದ್ರದ ಪುಟ್ಟ ಪುಟ್ಟ ಸಿಂಪಿ, ಬಾತುಕೋಳಿ ಮೊಟ್ಟೆ, ಹಂದಿಕೊಬ್ಬಿನಲ್ಲಿ ಚರಚರ ಎನ್ನುತ್ತಿತ್ತು. ಪಿನಾಂಗಿನಲ್ಲಿ ಅಮ್ಮ ಒಬ್ಬಳೇ ಎರಡು ತಟ್ಟೆ ಮುಗಿಸುತ್ತಿದ್ದಳು. ಇಲ್ಲಿ ಮೂಗು ಮುಚ್ಚಿಕೊಂಡಳು.

“ವಾಸನೆ.”

ಶಾಂಟೌನವರ ಮಾತು ನಮ್ಮ ಮನೆಮಾತಿಗೆ ಹತ್ತಿರ. ಬಾಣಲೆಯ ಮುಂದಿದ್ದ ಹೆಂಗಸಿಗೆ ಅರ್ಥವಾಗಿಯೇ ಹೋಯಿತು. “ಏನಂದ್ರಿ ಅಜ್ಜಿ? ಬೆಳಿಗ್ಗೆ ನಾನೇ ಕೂತು ಬಿಡಿಸಿದ್ದು! ವಾಸನೆ ನಿಮ್ಮ ಮೂಗಲ್ಲಿರಬೇಕು.”

“ಇರ್ಬೋದು ತಾಯಿ, ವಯಸ್ಸಾಯ್ತಲ್ಲ” ಎಂದು ಅಮ್ಮ ಇಷ್ಟಗಲ ನಕ್ಕಳು. ಪರರ ಹತ್ತಿರ ಎಷ್ಟು ನಯ.

ಅಮ್ಮ ತಿನ್ನಲಿಲ್ಲ ಎಂದು ತಮ್ಮನಿಗೆ ಬರೆದೆ. ‘ಹೌದಾ’ ಎಂದ. ಅರ್ಧ ಗಂಟೆಯ ಮೇಲೆ ಇನ್ನೊಂದು: ‘ನಾನು ಹೇಳಿದ ಅಂಗಡಿ ಅಂತ ತಿನ್ನಲಿಲ್ಲವಾ?’

ಚೆನ್ನಾಗಿ ತಿಂದಳು ಎಂದು ಸುಳ್ಳು ಬರೆಯಬಹುದಿತ್ತು. ಏಕೆ ಬರೆಯಲಿಲ್ಲ? ನಿಜ ಹೇಳುವುದು ನನ್ನ ಗುಣ ಎಂದುಕೊಂಡಿದ್ದೇನೆ. ಅಥವಾ ನನ್ನ ಸಿಟ್ಟಿನಲ್ಲಿ ಅವನಿಗೂ ಒಂದು ಪಾಲು ಕೊಟ್ಟೆನೋ...

ನವೆಂಬರ್ 27

ಇನ್ನು ಊಟದ ವಿಚಾರ ಬರೆಯುವುದಿಲ್ಲ.

ನವೆಂಬರ್ 29, ಶುಕ್ರವಾರ. ಚುವಾನ್‌ಝೌ. ಸಂಜೆ 4

ಬೀದಿಯಲ್ಲಿ ನಿಂತು ಕಿರುಚಿದೆ. ನಾನು!

ತಮ್ಮ ಚುವಾನ್‌ಝೌಗೂ ಬರಲಿಲ್ಲ. ಮತ್ತೊಂದು ವಿಳಾಸ. ಎಳೆ ಶಾವಿಗೆಯ ಗಟ್ಟಿ ಸೂಪು, ಮೇಲೆ ಸಿಂಪಿ. ಅಮ್ಮ ಹೊಸ್ತಿಲಲ್ಲೇ ನಿಂತಳು. ಒಳಗೆ ಬರುವುದಿಲ್ಲ.

“ಗುವಾಂಗ್‌ಝೌನಲ್ಲಿ ಹೊಟ್ಟೆ. ಶಾಂಟೌನಲ್ಲಿ ವಾಸನೆ. ಇಲ್ಲೇನು? ಹಲ್ಲಾ?”

“ಕೂಗಬೇಡ ಇಮ್. ಜನ ನೋಡ್ತಾರೆ.”

“ನೋಡ್ಲಿ! ಇಲ್ಲಿ ನಾವು ಯಾರಿಗೆ ಗೊತ್ತು?”

“ನನಗೆ ನೀನು ಗೊತ್ತಲ್ಲ.”

ಅಷ್ಟು ಹೇಳಿ ಪಕ್ಕದ ಅಂಗಡಿಯಲ್ಲಿ ಕಡಲೆಕಾಯಿ ಪಾಯಸ ಕುಡಿಯುತ್ತ ಕೂತಳು. ಎಂಗ್ ಸೆಂಗ್ ಪಾಯಸದ ಫೋಟೋ ತೆಗೆದ.

ಹೋಟೆಲಿಗೆ ಬಂದ ಮೇಲೆ ಯೂಟಿಂಗ್ ನನ್ನ ರೂಮಿಗೆ ಬಂದಳು. ಅವಳೂ ಅಜ್ಜಿಯೂ ಒಂದೇ ರೂಮು.

“ಅಮ್ಮಾ, ಬೈಯಬೇಡ. ಅಜ್ಜಿಗೆ ಹೊಟ್ಟೆನೋವೂ ಇಲ್ಲ, ಏನೂ ಇಲ್ಲ. ಅದು ಹರಕೆ. ಯಾರಿಗೂ ಹೇಳಬೇಡ ಅಂದಿದ್ದಾಳೆ.”

ತಮ್ಮ ಹೊರಟುಹೋದ ತಿಂಗಳೇ ಅಮ್ಮ ನಮ್ಮೂರ ಕುವಾನ್ ಯಿನ್ ದೇವಿಯ ಗುಡಿಗೆ ಹೋದಳಂತೆ. ಮಗ ಮನೆಗೆ ಮರಳಲಿ, ಹಂದಿಮಾಂಸ ಬಿಡುತ್ತೇನೆ ಎಂದು, ದೇವಿಯ ಅಪ್ಪಣೆ ತಿಳಿಯುವ ಎರಡು ಮರದ ತುಂಡು ಎಸೆದು ಕೇಳಿದಳು. ದೇವಿ ಒಪ್ಪಲಿಲ್ಲ. ಕೋಳಿ? ಒಪ್ಪಲಿಲ್ಲ. ಸಿಂಪಿ ಎಂದಾಗ ಮೂರು ಸಲವೂ ತುಂಡು ಒಂದು ಮಗುಚಿ, ಒಂದು ಅಂಗಾತ ಬಿತ್ತು. ಒಪ್ಪಿಗೆ.

“‘ನನಗೇನು ಇಷ್ಟ ಅಂತ ಅವಳಿಗೂ ಗೊತ್ತು ನೋಡು’ ಅಂತ ಅಜ್ಜಿ ಬೈಕೊಳ್ತಿದ್ಲು ಅಮ್ಮಾ.”

ಏಳು ಹೊಸವರ್ಷದ ಊಟ ಅಮ್ಮನ ಮನೆಯಲ್ಲೇ ಮಾಡಿದ್ದೇನೆ. ಪ್ರತಿ ಸಲವೂ ಒಣಸಿಂಪಿಯ ಅಡುಗೆ ಇತ್ತು. ಅವಳೇ ಮಾಡಿ, ಅವಳೇ ಬಡಿಸಿ, ಕೊನೆಯಲ್ಲಿ ಕೂರುತ್ತಿದ್ದಳು. ಅವಳ ಬಟ್ಟಲಿನಲ್ಲಿ ಏನಿದೆ ಎಂದು ಒಮ್ಮೆಯೂ ನೋಡಲಿಲ್ಲ. ಈಗ ಬಾಯಿ ಬಿಟ್ಟು ಕೇಳಿದರೆ ಯೂಟಿಂಗ್ ಸಿಕ್ಕಿಬೀಳುತ್ತಾಳೆ. ಸುಮ್ಮನಿದ್ದರೆ ತಮ್ಮ ತಪ್ಪು ತಿಳಿಯುತ್ತಾನೆ. ಅರ್ಥವಾದ ಮೇಲೂ ಸಿಟ್ಟು ಇಳಿದಿಲ್ಲ; ಇನ್ನೂ ಹೆಚ್ಚಾಗಿದೆ. ಒಂದು ಫೋನ್ ಮಾಡಿ “ತಪ್ಪಾಯ್ತು ಬಾರೋ” ಎನ್ನುವ ಬದಲು ಏಳು ವರ್ಷ ಸಿಂಪಿ ಬಿಡುವುದೇ?

ನವೆಂಬರ್ 30, ಶನಿವಾರ. ಶಿಯಾಮೆನ್

ಅವನಿರುವ ಊರಿಗೇ ಬಂದಿದ್ದೇವೆ. ಇನ್ನು ತಪ್ಪಿಸಿಕೊಳ್ಳಲು ಬೇರೆ ಊರಿಲ್ಲ. ನಾಳೆ ಹನ್ನೆರಡಕ್ಕೆ ಖಂಡಿತ ಎಂದಿದ್ದಾನೆ. ಇದು ನಾಲ್ಕನೆಯ ‘ಖಂಡಿತ’.

ಡಿಸೆಂಬರ್ 1, ಭಾನುವಾರ. ಮಧ್ಯಾಹ್ನ 3

ಬಂದ. ನಲವತ್ತು ನಿಮಿಷ ತಡವಾಗಿ, ಒಬ್ಬನೇ. ಕಿವಿಯ ಮೇಲೆ ನರೆ.

“ಅಮ್ಮ.”

“ಸೊರಗಿದ್ದೀಯ.”

ಮೊದಲಿಗಿಂತ ಹತ್ತು ಕಿಲೋ ಹೆಚ್ಚಿದ್ದಾನೆ. ಯಾರೂ ನಗಲಿಲ್ಲ.

ಊಟ ಅವನೇ ಹೇಳಿದ. ಸಿಂಪಿ ಆಮ್ಲೆಟ್ ಮೊದಲು ಬಂತು. ಗರಿಗರಿ ಅಂಚನ್ನು ಮುರಿದು, ತನ್ನ ಚಾಪ್‌ಸ್ಟಿಕ್‌ನಿಂದಲೇ ಅಮ್ಮನ ಬಟ್ಟಲಿಗಿಟ್ಟ. ಅಮ್ಮ ಅದನ್ನೇ ನೋಡಿದಳು. ಬಹಳ ಹೊತ್ತು ನೋಡಿದಳು. ಬಟ್ಟಲನ್ನು ಬೆರಳ ತುದಿಯಿಂದ ಆಚೆ ಸರಿಸಿದಳು.

“ಏಳು ವರ್ಷದ ಮೇಲೂ ನನ್ನ ಕೈಯಿಂದ ಒಂದು ತುತ್ತು ಬೇಡ, ಅಲ್ವಾ?” ಅವನು ಎದ್ದ. “ಅಕ್ಕ, ಸುಮ್ನೆ ಕರೆಸಿದೆ ನೀನು.”

ಹೇಳಿಬಿಟ್ಟೆ. ಗುಡಿ, ಮರದ ತುಂಡು, ಎಲ್ಲ. ಯೂಟಿಂಗ್ ಮೇಜಿನಡಿ ನನ್ನ ಕಾಲು ತುಳಿದಳು. ಎಂಗ್ ಸೆಂಗ್ ಮೊದಲ ಬಾರಿ ಫೋನ್ ಕೆಳಗಿಟ್ಟ.

ತಮ್ಮ ನಿಂತೇ ಇದ್ದ. ಆಮೇಲೆ ಕೂತ. ಬಟ್ಟಲನ್ನು ಮತ್ತೆ ಅಮ್ಮನ ಮುಂದೆ ಸರಿಸಿದ.

“ಸರಿ. ಈಗ ಬಂದೆನಲ್ಲ. ಹರಕೆ ತೀರ್ತು. ತಿನ್ನಮ್ಮ.”

“ಎಲ್ಲಿ ತೀರ್ತು? ಮಗ ಮನೆಗೆ ಬರ್ಲಿ ಅಂತ ಕೇಳಿದ್ದು. ಇದು ಮನೆಯಾ? ಹೋಟ್ಲು.”

“ಇಲ್ಲೂ ದೇವಿ ಗುಡಿ ಇದೆ. ಹತ್ತು ನಿಮಿಷ. ನಡಿ, ಕೈಮುಗಿದು ಬರೋಣ.”

“ಆ ಗುಡೀಲಿ ಕೇಳಿ ಈ ಗುಡೀಲಿ ಒಪ್ಪಿಸ್ತಾರಾ? ನಿನ್ನನ್ನ ಕರ್ಕೊಂಡು ಹೋಗಿ ಅವಳೆದುರು ನಿಲ್ಲಿಸ್ಬೇಕು. ‘ಇಗೋ ಬಂದ’ ಅನ್ಬೇಕು. ಆಮೇಲೆ ಸಿಂಪಿ.”

“ಇದು ಹರಕೆಯೋ, ನನ್ನ ಹಿಡಿಯೋ ಬಲೆಯೋ?”

“ಎರಡೂ ಅನ್ಕೋ.”

ನನಗೆ ತಲೆ ಚಚ್ಚಿಕೊಳ್ಳುವಂತಾಯಿತು. ಮಗ ಎದುರಿಗಿದ್ದಾನೆ, ತಟ್ಟೆ ಆರುತ್ತಿದೆ, ಇವಳು ದೇವಿಯ ಕಾನೂನು ಹೇಳುತ್ತಿದ್ದಾಳೆ. ಅಷ್ಟರಲ್ಲಿ ಅಮ್ಮ, ಮೇಜಿಗೆ ಹೇಳುವಂತೆ, ಮೆಲ್ಲಗೆ ಅಂದಳು:

“ಅವತ್ತು ನಾನಂದ ಮಾತೂ ಅಲ್ಲೇ, ಆ ಮನೇಲೇ ಅಂದಿದ್ದು. ಎಲ್ಲರೆದುರು. ಅದನ್ನೂ ಅಲ್ಲೇ, ಎಲ್ಲರೆದುರೇ ವಾಪಸ್ ತಗೋಬೇಕು. ಇಲ್ಲಿ ಹೇಳಿದ್ರೆ ಯಾರು ಕೇಳ್ತಾರೆ?”

ತಮ್ಮ ಅಮ್ಮನ ಬಟ್ಟಲನ್ನು ತನ್ನ ಕಡೆಗೆ ಎಳೆದುಕೊಂಡ. ಆರಿದ ಆಮ್ಲೆಟ್ಟನ್ನು ತಲೆ ತಗ್ಗಿಸಿ ಪೂರ್ತಿ ತಿಂದ. “ಕೆಲಸ ಇದೆ” ಎಂದು ಎದ್ದು ಹೋದ. ಬರುತ್ತೇನೆ ಎನ್ನಲಿಲ್ಲ. ಬರುವುದಿಲ್ಲ ಎಂದೂ ಅನ್ನಲಿಲ್ಲ.

ಡಿಸೆಂಬರ್ 2, ಸೋಮವಾರ. ಶಿಯಾಮೆನ್ ವಿಮಾನ ನಿಲ್ದಾಣ. ಬೆಳಿಗ್ಗೆ 9.10

ಪಿನಾಂಗಿನ ವಿಮಾನಕ್ಕೆ ಸೆಕ್ಯುರಿಟಿ ಮುಗಿಸಿ ಒಳಗೆ ಕೂತಿದ್ದೇವೆ. ಎಂಗ್ ಸೆಂಗ್ ಕಾಫಿಯ ಫೋಟೋ ತೆಗೆಯುತ್ತಿದ್ದಾನೆ. ಅಮ್ಮ ಬನ್ನಿನ ಒಳಗೇನಿದೆ ಎಂದು ಮುರಿದು ನೋಡುತ್ತಿದ್ದಾಳೆ. ನಿನ್ನೆಯಿಂದ ಅವನ ಸುದ್ದಿ ಎತ್ತಿಲ್ಲ. ನಾನೂ ಎತ್ತಿಲ್ಲ. ಹತ್ತು ದಿನದ ತಿರುಗಾಟದಲ್ಲಿ ಸಾಧಿಸಿದ್ದೇನು? ಒಬ್ಬಳ ಗುಟ್ಟು ರಟ್ಟು ಮಾಡಿದೆ, ಇನ್ನೊಬ್ಬನನ್ನು ಊಟದಿಂದ ಎಬ್ಬಿಸಿದೆ.

ಮೆಸೇಜ್. ‘ಅಕ್ಕ, ಯಾವ ಗೇಟು?’

ಈಗ ನೆನಪಾಯಿತೇ! ‘ಬೀಳ್ಕೊಡೋಕೆ ಬಂದಿದ್ರೆ ವಾಪಸ್ ಹೋಗು. ನಾವು ಆಗಲೇ ಒಳಗಿದ್ದೀವಿ’ ಎಂದು ಬರೆದೆ.

‘ನಾನೂ ಒಳಗೇ ಇದ್ದೀನಿ.’

ಎರಡು ಸಲ ಓದಿದೆ. ಅಮ್ಮನಿಗೆ ಹೇಗೆ ಹೇಳಲಿ ಎಂದು ತಲೆಯೆತ್ತಿದರೆ ಅವಳು ನನ್ನನ್ನು ನೋಡುತ್ತಿಲ್ಲ, ಉದ್ದನೆಯ ಹಾದಿಯ ಆ ತುದಿಯನ್ನೇ ನೋಡುತ್ತಿದ್ದಾಳೆ. ಪಕ್ಕದ ಕುರ್ಚಿಯ ಮೇಲಿದ್ದ ಚೀಲ ತೆಗೆದು ಕೆಳಗಿಟ್ಟಳು. ಕುರ್ಚಿಯನ್ನು ಅಂಗೈಯಿಂದ ಒರೆಸಿ, “ಇಮ್, ಬರೆಯೋದು ಸಾಕು, ಸ್ವಲ್ಪ ಆ ಕಡೆ ಸರಿ” ಎಂದು—