ಬಾಗಿಲ ಹಿಡಿಯ ಹಸಿರು ಚೀಟಿ

ಜೆಸ್ಸಿ ಮಾರ್ಗರೆಟ್ ಕಿನ್ನಿಯರ್,
ನಿವೃತ್ತ ಶಿಕ್ಷಕಿ, ಬೆಲ್‌ಫೀಲ್ಡ್ ಪ್ರಾಥಮಿಕ ಶಾಲೆ,
ಮೂವತ್ತೇಳು ವರ್ಷಗಳ ಸೇವೆ.

ಮನೆ ನಂಬರ್ ನಾಲ್ಕು, ಕ್ರೇಗ್‌ಬ್ಯಾಂಕ್ ಕೋರ್ಟ್,
ಇನ್ವರ್‌ಕಾರ್, ಸ್ಕಾಟ್ಲೆಂಡ್
೨೯ ಜನವರಿ ೨೦೧೯

ಪ್ರೀತಿಯ ತಂಗಿ ಎಫೀ,

ಒಡಹುಟ್ಟಿದವಳಿಗೆ ಬರೆಯುವ ಕಾಗದದ ತಲೆಯಲ್ಲಿ ಹೆಸರು, ಹುದ್ದೆ, ಸೇವಾವಧಿ ಏಕೆಂದು ನೀನು ನಗುತ್ತಿರಬಹುದು. ನಿನ್ನೆ ನಗರಸಭೆಯಲ್ಲಿ ಗುಮಾಸ್ತರು ಕೇಳಿದಾಗ ನಾನು ಇದನ್ನೇ ಸ್ಪಷ್ಟವಾಗಿ ಉಚ್ಚರಿಸಿ ಹೇಳಿದೆ. ಕ್ಷಣಮಾತ್ರದಲ್ಲಿ ಎಲ್ಲರೂ ಮರೆತರು. ಈ ಮನೆತನದಲ್ಲಿ ಒಬ್ಬರಾದರೂ ನೆನಪಿಟ್ಟುಕೊಳ್ಳಲಿ ಎಂದು ಬರೆದಿದ್ದೇನೆ.

ಮೊದಲು ನಿನ್ನ ಆರೋಗ್ಯದ ಮಾತು. ಮಂಡಿನೋವು ಹೇಗಿದೆ? ಆರ್ಕ್ನಿ ದ್ವೀಪದ ಗಾಳಿ ನಿನ್ನ ಕೋಳಿಗೂಡಿನ ತಗಡಿನ ಮಾಡನ್ನು ಹಾರಿಸಿಕೊಂಡು ಹೋಯಿತೆಂದೂ, ಅದನ್ನು ಹಿಡಿಯಲು ನೀನು ಹೊಲದುದ್ದಕ್ಕೂ ಓಡಿದೆಯೆಂದೂ ಫೋನಿನಲ್ಲಿ ನಗುನಗುತ್ತ ಹೇಳಿದೆ. ಎಪ್ಪತ್ತು ದಾಟಿದ ಹೆಂಗಸು ಓಡಬೇಕಾದದ್ದು ಹೀಗೆಯೇ? ನಿನ್ನ ಗಂಡ ಮ್ಯಾಗ್ನಸ್ ಬದುಕಿದ್ದರೆ ನಿನ್ನನ್ನು ಗದರುತ್ತಿದ್ದ. ಅವನು ತೀರಿಕೊಂಡ ಮೇಲೆ ಆ ಕೆಲಸ ನನ್ನ ಪಾಲಿಗೆ ಬಂದಿದೆ. ಕಡಲಾಚೆಯಿಂದ ಗದರಿ ಏನು ಪ್ರಯೋಜನ? ನನ್ನ ಸೊಂಟ ಪರವಾಗಿಲ್ಲ. ಕೋಲು ಬೇಕು, ಆದರೆ ಕೋಲಿಗೆ ನಾನು ಒರಗುವುದಿಲ್ಲ, ಜೊತೆಯಲ್ಲಿ ಒಯ್ಯುತ್ತೇನೆ ಅಷ್ಟೆ.

ಈಗ ಸಮಾಚಾರ. ನಿನಗೆ ಸ್ವಂತ ಮನೆಯಿದೆ, ಬಾಡಿಗೆಯ ತಾಪತ್ರಯ ತಿಳಿಯದು. ಇಲ್ಲಿ ನಗರಸಭೆಯ ಮನೆಗಳ ಖರ್ಚೆಲ್ಲ ನಮ್ಮ ಬಾಡಿಗೆಯಿಂದಲೇ ಹುಟ್ಟಬೇಕು. ಸೋರುವ ಮಾಡು, ಕೆಟ್ಟ ಬಾಯ್ಲರು, ನಮ್ಮಂಥ ವಯಸ್ಸಾದವರ ಕಟ್ಟಡಗಳನ್ನು ನೋಡಿಕೊಳ್ಳುವ ಮೇಲ್ವಿಚಾರಕಿಯರ ಸಂಬಳ, ಎಲ್ಲವೂ. ಆದಕಾರಣ ಪ್ರತಿ ಚಳಿಗಾಲದಲ್ಲಿಯೂ ಬಜೆಟ್ಟಿಗೆ ಮುನ್ನ, ಮುಂದಿನ ವರ್ಷ ಬಾಡಿಗೆ ಎಷ್ಟು ಏರಿಸೋಣವೆಂದು ಬಾಡಿಗೆದಾರರನ್ನೇ ಮತ ಕೇಳುತ್ತಾರೆ. ಈ ಸಲ ಎರಡು ದಾರಿಗಳಿದ್ದವು. ಒಂದರಲ್ಲಿ ಬಾಡಿಗೆ ಕಡಿಮೆ ಏರುತ್ತದೆ, ಮೇಲ್ವಿಚಾರಕಿಯರು ಹೋಗುತ್ತಾರೆ, ಅವರ ಬದಲಿಗೆ ಬೆಳಗ್ಗೆ ಫೋನಿನಲ್ಲಿ ಯಂತ್ರವೊಂದು ಮಾತನಾಡಿಸುತ್ತದೆ. ಇನ್ನೊಂದರಲ್ಲಿ ಬಾಡಿಗೆ ತುಸು ಹೆಚ್ಚು, ಅವರು ಉಳಿಯುತ್ತಾರೆ. ನಮ್ಮ ಕಟ್ಟಡದವರೆಲ್ಲ ಎರಡನೆಯದಕ್ಕೆ ಮತ ಕೊಟ್ಟರು, ಹಡಗುಕಟ್ಟೆಯಲ್ಲಿ ದುಡಿದ ವುಲ್ಲಿ ಪೆಟ್ರಿಯೂ ಸೇರಿ. ನೀನು ಒಂದು ಕಾಲಕ್ಕೆ ಅವನೊಡನೆ ಕುಣಿದಿದ್ದೆಯಲ್ಲ, ಅವನೇ. "ಆ ಯಂತ್ರಕ್ಕೆ ನಾನು ಸತ್ತಿದೀನಿ ಅಂತ ಹೇಳಿದ್ರೂ ಥ್ಯಾಂಕ್ಸ್ ಅನ್ನುತ್ತೆ ಟೀಚರ್!" ಎಂದು ಅವನು ಮೇಜು ಕುಟ್ಟಿದ. ಆದರೆ ಇಡೀ ನಗರದ ಬಾಡಿಗೆದಾರರಲ್ಲಿ ನಮ್ಮಂಥವರು ಎಷ್ಟು ಜನ? ಮಕ್ಕಳೊಂದಿಗರು ಕಡಿಮೆ ಬಾಡಿಗೆಗೆ ಗುರುತು ಹಾಕಿದರು. ಅವರನ್ನು ದೂರಲಾರೆ. ನಮ್ಮ ಸೆಂಗಾ ಮಾರ್ಚ್ ಕೊನೆಗೆ ಕೆಲಸ ಕಳೆದುಕೊಂಡು ಮನೆಗೆ ಹೋಗುವುದು ಖಚಿತವಾಯಿತು.

ಸೆಂಗಾ ನಮ್ಮ ಮೇಲ್ವಿಚಾರಕಿ. ಅವಳ ವಿಷಯ ನಿನಗೆ ಹೇಳಿದ್ದೇನೆ. ಇಲ್ಲಿಯ ಪದ್ಧತಿಯಂತೆ ನಾವು ಮಲಗುವ ಮುನ್ನ ಬಾಗಿಲ ಹಿಡಿಗೆ ಹೊರಗಡೆ ಹಸಿರು ರಟ್ಟಿನ ಚೀಟಿಯೊಂದನ್ನು ತೂಗುಹಾಕುತ್ತೇವೆ, ಎದ್ದೊಡನೆ ಒಳಗೆ ತೆಗೆದುಕೊಳ್ಳುತ್ತೇವೆ. ಒಂಬತ್ತಕ್ಕೆ ಸೆಂಗಾ ಬರುವಾಗ ಚೀಟಿ ಇನ್ನೂ ತೂಗುತ್ತಿದ್ದರೆ ಅವಳು ಬಾಗಿಲು ತಟ್ಟುತ್ತಾಳೆ. ಸದ್ದಿಲ್ಲದಿದ್ದರೆ ತನ್ನ ಕೀಲಿಯಿಂದ ತೆರೆಯುತ್ತಾಳೆ. ಅಕ್ಟೋಬರಿನಲ್ಲಿ ನನ್ನ ಬಾಗಿಲನ್ನು ಹಾಗೆ ತೆರೆದಳು. ಬಚ್ಚಲಿನ ತಣ್ಣನೆಯ ನೆಲದ ಮೇಲೆ ಬಿದ್ದಿದ್ದ ನನ್ನನ್ನು ನೋಡಿ, "ಅಯ್ಯೋ ಟೀಚರ್, ಇಲ್ಲಿ ಹಾಸಿಗೆ ಹಾಸ್ಕೊಳ್ಳೋಕೆ ನಿಮ್ಗೆ ಯಾರು ಹೇಳಿದ್ರು?" ಎಂದು ನಗಿಸುತ್ತಲೇ ಕಂಬಳಿ ಹೊದಿಸಿದಳು. ಇದು ಯಾರಿಗೂ ತಿಳಿಯಕೂಡದೆಂದು ಅವಳಿಗೂ ನಿನಗೂ ಕಟ್ಟಪ್ಪಣೆ ಮಾಡಿದ್ದೆ. ಒಬ್ಬಂಟಿಯಾಗಿ ಇರಲಾರಳು ಎಂದು ಒಮ್ಮೆ ಯಾರಾದರೂ ಬರೆದರೆ, ಮುಂದಿನ ದಾರಿ ವೃದ್ಧಾಶ್ರಮದ್ದೇ. ಸೆಂಗಾ ಹೋದರೂ ಕೊನೆಗೆ ಅದೇ ದಾರಿ. ಅವಳು ಮಾತು ಉಳಿಸಿಕೊಂಡಳು.

ಬಜೆಟ್ ಸಭೆಯ ಮುಂದೆ ಅಹವಾಲು ಹೇಳಿಕೊಳ್ಳಲು ನಾಗರಿಕರಿಗೆ ಅವಕಾಶವಿದೆ. ನಮ್ಮ ಕಟ್ಟಡದ ಪರವಾಗಿ ನಾನೇ ಹೋಗುವುದೆಂದು ತೀರ್ಮಾನವಾಯಿತು. ಬೇರೆ ಯಾರು ಹೋಗಬೇಕಿತ್ತು? ಭಾಷಣವನ್ನು ಹಲವು ಬಾರಿ ತಿದ್ದಿದೆ. ನಾಗರಿಕ ಸಮಾಜದ ಹೊಣೆ, ಬಾಡಿಗೆದಾರನಿಗೂ ನಗರಕ್ಕೂ ಇರುವ ಪರಸ್ಪರ ನಂಬಿಕೆ, ಯಂತ್ರಕ್ಕೂ ಮನುಷ್ಯರಿಗೂ ಇರುವ ಅಂತರ, ಒಂದೂ ಬಿಟ್ಟಿರಲಿಲ್ಲ. ನಾನು ಬಿದ್ದ ಸಂಗತಿಯನ್ನು ಮಾತ್ರ ಬಿಟ್ಟಿದ್ದೆ. ಇನ್ನೊಂದು ಭರವಸೆಯೂ ಇತ್ತು, ಮುಚ್ಚಿಡುವುದೇಕೆ? ವಸತಿ ಸಮಿತಿಯ ಅಧ್ಯಕ್ಷೆ ಕಿರ್ಸ್ಟಿ ಮೇವರ್ ನನ್ನ ವಿದ್ಯಾರ್ಥಿನಿ. ಆರು ವರ್ಷದವಳಾಗಿದ್ದಾಗ ನಿನ್ನ ತರಗತಿಯಲ್ಲಿದ್ದಳು, ನಿಜ. ಆದರೆ ಭಾಗಾಕಾರವನ್ನೂ ನೆಟ್ಟಗಿನ ವಾಕ್ಯವನ್ನೂ ಕಲಿತದ್ದು ನನ್ನಲ್ಲಿ. ಈ ದಿನ ಆಯವ್ಯಯದ ಅಂಕಿಗಳನ್ನು ತಡವರಿಸದೆ ಓದುತ್ತಾಳೆಂದರೆ ಅದು ಯಾರ ಶ್ರಮ?

ಕಂದು ಕೋಟು ತೊಟ್ಟು, ಗ್ಯಾಲರಿಯಲ್ಲಿ ವುಲ್ಲಿಯನ್ನೂ ಸೆಂಗಾಳನ್ನೂ ಕೂರಿಸಿ, ನಾನು ಕೆಳಗಿಳಿದು ಮಾತನಾಡಿದೆ. ಚೆನ್ನಾಗಿಯೇ ಮಾತನಾಡಿದೆ ಎಫೀ. ಕೊನೆಯ ಭಾಗಕ್ಕೆ ಬರುವಷ್ಟರಲ್ಲಿ ಗುಮಾಸ್ತರು ಗಂಟೆ ಬಾರಿಸಿದರು. ಕಿರ್ಸ್ಟಿ ಕನ್ನಡಕದ ಮೇಲಿಂದ ನೋಡಿ, "ತುಂಬ ಧನ್ಯವಾದ, ಶ್ರೀಮತಿ ಕಿನ್ನಿಯರ್" ಎಂದಳು. ಶ್ರೀಮತಿ! ಒಂದು ಇಡೀ ವರ್ಷ ಪ್ರತಿದಿನ ಬೆಳಗ್ಗೆ ಎದ್ದು ನಿಂತು "ನಮಸ್ಕಾರ ಮಿಸ್ ಕಿನ್ನಿಯರ್" ಎಂದ ಬಾಯಿ ಅದು.

ಅನಂತರ ಅವಳು ಮುಂದಿದ್ದ ಕಾಗದವೊಂದನ್ನು ಎತ್ತಿಕೊಂಡಳು. ಮುಖವೇ ಬೇರೆಯಾಯಿತು. "ಇವತ್ತು ಬೆಳಿಗ್ಗೆ ಆರ್ಕ್ನಿಯಿಂದ ನನಗೊಂದು ಕಾಗದ ಬಂದಿದೆ. ನಮ್ಮ ಎಫೀ ಟೀಚರ್ ಬರೆದಿದಾರೆ. ಓದಿ ಅಂತ ಅವರೇ ಹೇಳಿದಾರೆ" ಎಂದು, ಇಡೀ ಸಭೆಗೆ ಕೇಳುವಂತೆ ಓದಿದಳು. ನೀನು ಏನು ಬರೆದೆಯೆಂದು ನಿನಗೆ ಗೊತ್ತು. ಆದರೂ ಅದು ನನ್ನ ಕಿವಿಗೆ ಹೇಗೆ ಬಿದ್ದಿತೆಂದು ನೀನು ತಿಳಿಯಬೇಕು. "ಕಿರ್ಸ್ಟಿ ಪುಟ್ಟಿ, ನಿಮ್ಮಮ್ಮ ಗಿರಣಿಯಿಂದ ಬರೋದು ತಡವಾದಾಗ ನಾನು ಗೇಟಿನ ಹತ್ರ ನಿನ್ನ ಜೊತೆ ನಿಂತಿರ್ತಿದ್ದೆ, ನೆನಪಿದೆಯಾ? ನಿನ್ನನ್ನ ಒಬ್ಬರ ಕೈಗೆ ಒಪ್ಪಿಸದೆ ನಾನು ಮನೆಗೆ ಹೋಗಿದ್ದೇ ಇಲ್ಲ. ಅಕ್ಟೋಬರಲ್ಲಿ ನಮ್ಮಕ್ಕ ರಾತ್ರಿಯೆಲ್ಲ ಬಚ್ಚಲಲ್ಲಿ ಬಿದ್ದಿದ್ದಳು. ಬಾಗಿಲಲ್ಲಿ ಚೀಟಿ ಇತ್ತು, ನೋಡೋಕೆ ಒಬ್ಬಳು ಬಂದಳು, ಅದಕ್ಕೇ ಅಕ್ಕ ಇವತ್ತು ನಿನ್ನ ಮುಂದೆ ನಿಂತು ಭಾಷಣ ಮಾಡ್ತಿದಾಳೆ. ಅವಳು ಇದನ್ನ ಹೇಳಲ್ಲ. ಅದಕ್ಕೇ ನಾನು ಹೇಳ್ತಿದೀನಿ."

ಸಭೆಯಲ್ಲಿ ಎಲ್ಲರ ಕಣ್ಣೂ ನನ್ನ ಮೇಲೆ, ನನ್ನ ಕೋಲಿನ ಮೇಲೆ. ಕಿರ್ಸ್ಟಿ ಮೂಗು ಒರೆಸಿಕೊಂಡು ತಿದ್ದುಪಡಿಯೊಂದನ್ನು ಮಂಡಿಸಿದಳು: ಬಾಡಿಗೆ ಜನರು ಬಯಸಿದಷ್ಟೇ ಏರಲಿ, ಹೊಸ ಅಡುಗೆಮನೆಗಳ ಕೆಲಸ ಒಂದು ವರ್ಷ ಮುಂದಕ್ಕೆ ಹೋಗಲಿ, ಮೇಲ್ವಿಚಾರಕಿಯರು ಉಳಿಯಲಿ. ಕೈಗಳು ಎದ್ದವು. ಗೆದ್ದೆವು. ಗ್ಯಾಲರಿಯಿಂದ ವುಲ್ಲಿ, "ಭಲೇ ಎಫೀ!" ಎಂದು ಕೂಗಿದ. ನಾನು ಎದುರಿಗೇ ನಿಂತಿದ್ದೆ, ಎಫೀ. ಕೂಗಿದ್ದು ನಿನ್ನ ಹೆಸರನ್ನು.

ಬಸ್ಸಿನಲ್ಲಿ ಬರುವಾಗಲೂ ಅದೇ. "ಎಂಥ ತಂಗಿ ಟೀಚರ್ ನಿಮ್ಗೆ! ಬಂಗಾರ!" ಎಂದು ಸೆಂಗಾ ನನ್ನ ತೋಳು ಹಿಡಿದು ಅತ್ತಳು. "ಅವಳು ಇನ್ನೂ ಹಾಗೇ ನಗ್ತಾಳಾ?" ಎಂದು ವುಲ್ಲಿ. ಭಾಷಣದ ಬಗ್ಗೆ ಕೇಳಿದ್ದಕ್ಕೆ, "ಚೆನ್ನಾಗಿತ್ತು, ಸ್ವಲ್ಪ ಉದ್ದ" ಎಂದ. ನೀನು ಹುಟ್ಟಿದಂದಿನಿಂದ ಹೀಗೆಯೇ. ಅಪ್ಪ ಪೇಟೆಯಿಂದ ಬಂದರೆ ಮೊದಲು ನಿನ್ನನ್ನು ಹುಡುಕುತ್ತಿದ್ದರು. ನೀನು ಬೆಲ್‌ಫೀಲ್ಡಿನಲ್ಲಿ ಪಾಠ ಹೇಳಿದ್ದು ಎರಡು ವರ್ಷ; ದೋಣಿಯವನೊಬ್ಬನನ್ನು ಮದುವೆಯಾಗಿ ಹೊರಟುಹೋದೆ. ನಾನು ಮೂವತ್ತೇಳು ವರ್ಷ ಉಳಿದೆ. ಆ ಗೇಟಿನಲ್ಲಿ ನಾನೂ ನಿಂತಿದ್ದೇನೆ, ನಿನಗಿಂತ ಎಷ್ಟೋ ಹೆಚ್ಚು ಸಂಜೆಗಳು. ನಾನು ನಿಂತು ಶೂ ದಾರ ಸರಿಯಾಗಿ ಕಟ್ಟಿದೆಯೇ ಎಂದು ನೋಡುತ್ತಿದ್ದೆ, ಮಗ್ಗಿ ಕೇಳುತ್ತಿದ್ದೆ. ನೀನು ನಿನ್ನ ಬನ್ನಿನಲ್ಲಿ ಅರ್ಧ ಮುರಿದು ಕೊಡುತ್ತಿದ್ದೆ. ಮಕ್ಕಳಿಗೆ ನೆನಪಿರುವುದು ಬನ್ನು.

ನೀನು ಮಾತು ಮುರಿದೆ ಎಂದು ನಿನ್ನೆ ರಾತ್ರಿಯಿಡೀ ಸಿಟ್ಟಾಗಿದ್ದೆ. ಈ ಬೆಳಗ್ಗೆ ಎದ್ದು ಚೀಟಿಯನ್ನು ಒಳಗೆ ತೆಗೆದುಕೊಂಡೆ. ಒಂಬತ್ತಕ್ಕೆ ಸೆಂಗಾಳ ಹೆಜ್ಜೆ ಬಾಗಿಲ ಮುಂದೆ ಹಾದುಹೋಯಿತು. ಮಾರ್ಚಿನ ನಂತರವೂ ಹಾದುಹೋಗುತ್ತದೆ. ಅದು ನಿನ್ನಿಂದ. ಇದನ್ನು ಬರೆಯಲು ಎಷ್ಟು ಕಷ್ಟವಾಯಿತೆಂದು ಅಕ್ಷರದ ಓರೆಯಲ್ಲೇ ಕಾಣುತ್ತದೆ. ನನ್ನ ಕೈಬರಹ ಹೀಗಿರುವುದಿಲ್ಲ.

ಬೆಚ್ಚಗಿರು. ಓಟ್ಸ್ ಗಂಜಿಗೆ ಉಪ್ಪು ಕಡಿಮೆ ಹಾಕು. ದೇವರು ನಿನ್ನ ಮಾಡನ್ನೂ ಮಂಡಿಯನ್ನೂ ಕಾಯಲಿ.

ನಿನ್ನ ಅಕ್ಕ,
ಜೆಸ್ಸಿ

ಮರೆತಿದ್ದೆ: ಟಪಾಲು ಹೊರಡುವ ಹೊತ್ತಾಯಿತು, ಅವಸರದಲ್ಲಿ ಬರೆಯುತ್ತಿದ್ದೇನೆ. ಪಕ್ಕದ ಐದನೇ ನಂಬರಿನವರು ಮಗಳ ಮನೆಗೆ ಹೋದರು, ಮನೆ ಖಾಲಿಯಿದೆ. ವಯಸ್ಸಿನ ಅರ್ಹತೆ ನಿನಗಿದೆ, ವಿಚಾರಿಸಿದ್ದೇನೆ. ಬಂದ ಮೊದಲನೆಯ ದಿನವೇ ಇಲ್ಲಿಯವರೆಲ್ಲ ನನಗಿಂತ ನಿನ್ನನ್ನೇ ಹೆಚ್ಚು ಮೆಚ್ಚುತ್ತಾರೆ, ವುಲ್ಲಿಯಂತೂ ಸರಿಯೇ ಸರಿ. ಅದನ್ನು ದೂರದಿಂದ ಕೇಳಿ ಸಾಕಾಗಿದೆ, ಗೋಡೆಯಾಚೆಯಿಂದಾದರೆ ತಡೆದುಕೊಳ್ಳಬಲ್ಲೆ. ನನ್ನ ಬಾಗಿಲನ್ನು ನೋಡಲು ಒಬ್ಬಳಿದ್ದಾಳೆ. ಆ ಗಾಳಿಯಲ್ಲಿ ಮಾಡಿನ ಹಿಂದೆ ಓಡುವಾಗ ನೀನು ಬಿದ್ದರೆ ನಿನ್ನ ಕೋಳಿಗಳು ಯಾರಿಗೆ ಹೇಳುತ್ತವೆ?

ಲಗತ್ತುಗಳು:
೧. ನನ್ನ ಭಾಷಣದ ಪೂರ್ಣಪಾಠ. ಗಂಟೆ ಬಾರಿಸಿದ ನಂತರದ ಭಾಗವನ್ನು ಬಿಡದೆ ಓದತಕ್ಕದ್ದು.
೨. ಸಭೆಯ ವರದಿಯ ಪತ್ರಿಕಾ ತುಣುಕು. ಅದರಲ್ಲಿ ನಿನ್ನ ಹೆಸರು ಮಾತ್ರ ಇದೆ.
೩. ಐದನೇ ನಂಬರಿನ ಮನೆಗೆ ಅರ್ಜಿ. ನಿನ್ನ ಸಹಿಯೊಂದು ಬಾಕಿ.
೪. ಬಾಗಿಲ ಹಿಡಿಗೆ ತೂಗುಹಾಕುವ ಹಸಿರು ಚೀಟಿ, ಒಂದು. ನಿನ್ನ ಹೆಸರನ್ನು ನಾನೇ ಬರೆದಿದ್ದೇನೆ, ದುಂಡಗಿನ ಅಕ್ಷರದಲ್ಲಿ.